ಸಾಸಿವೆ ಅಕ್ಷರದ ನೀತಿ

ಕನ್ನಡಕದ ಅಂಗಡಿಯವನ ಮೂಗಿನ ಮೇಲೆ ಕನ್ನಡಕ ಇಲ್ಲದಿದ್ದರೆ ನೋಡಿದವರು ಎರಡು ಬಗೆಯಲ್ಲಿ ಯೋಚಿಸಬಹುದು. ಈತನ ಕಣ್ಣು ಬಹಳ ಚೆನ್ನಾಗಿರಬೇಕು ಎಂದುಕೊಳ್ಳಬಹುದು, ಇಲ್ಲವೇ ಈತನಿಗೆ ತನ್ನ ಸರಕಿನ ಮೇಲೆ ತನಗೇ ನಂಬಿಕೆ ಇಲ್ಲ ಎಂದುಕೊಳ್ಳಬಹುದು. ನಮ್ಮ ದುರ್ಬೀನಿಗೆ ಎರಡನೆಯದು ಹೊಳೆದದ್ದೇ ಇಲ್ಲ. ದುರ್ಬೀನು ಎನ್ನುವುದು ಬೀದಿಯವರು ಇಟ್ಟ ಅಡ್ಡಹೆಸರು. ಐವತ್ತು ದಾಟಿದ ಮೇಲೂ ಬರಿಗಣ್ಣಲ್ಲೇ ಎಲ್ಲ ಓದುತ್ತೇನೆ ಎಂದು ಅವನು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದುದರಿಂದ ಯಾರೋ ಛೇಡಿಸಲು ಹಾಗೆ ಕರೆದರು. ಅವನು ಅದನ್ನು ಬಿರುದೆಂದು ಸ್ವೀಕರಿಸಿ, ಕರೆದವರಿಗೆ ಚಹಾ ಕುಡಿಸಿ ಕಳಿಸಿದ. ಈಗ ಈ ಕಥೆಯನ್ನು ಎಲ್ಲರಿಗೂ ಹೇಳುವವನು ಅವನೇ. ಹೇಳುವಾಗ ತನ್ನ ಪೆದ್ದುತನಕ್ಕೆ ಇನ್ನಷ್ಟು ಉಪ್ಪು ಖಾರ ಹಚ್ಚುತ್ತಾನೆ. ಹಚ್ಚದಿದ್ದರೂ ನಡೆಯುತ್ತಿತ್ತು.

ಅಂಗಡಿ ಅವನ ಅಪ್ಪನ ಕಾಲದ್ದು. ಹತ್ತಿರದ ಅಕ್ಷರ ಕಾಣುತ್ತದೋ ಇಲ್ಲವೋ ಎಂದು ನೋಡಲು ಗಿರಾಕಿಯ ಕೈಗೆ ಒಂದು ಕಾರ್ಡು ಕೊಡುತ್ತಾರಲ್ಲ, ಮೇಲಿಂದ ಕೆಳಕ್ಕೆ ಅಕ್ಷರ ಸಣ್ಣದಾಗುತ್ತಾ ಹೋಗುವಂಥದ್ದು, ಅದನ್ನು ಅಪ್ಪ ಕೊಂಡು ತಂದಿರಲಿಲ್ಲ. ಮನೆಯಲ್ಲಿ ನೀತಿಕಥೆಗಳ ಹಳೆಯ ಅನುವಾದವೊಂದಿತ್ತು. ಅದರ ಮೊದಲ ಹಾಳೆಗಳು ಹಾರಿಹೋಗಿದ್ದವು. ಯಾವ ಭಾಷೆಯಿಂದ, ಯಾರು, ಯಾವಾಗ ಅನುವಾದಿಸಿದರು ಎಂಬ ವಿವರವೂ ಆ ಹಾಳೆಗಳ ಜತೆಗೇ ಹೋಗಿತ್ತು. ಆ ಪುಸ್ತಕದಿಂದ ಒಂದು ಕಥೆ ಆರಿಸಿ ಅಪ್ಪ ಮುದ್ರಣಾಲಯದಲ್ಲಿ ಕಾರ್ಡು ಮಾಡಿಸಿದ. ಶೀರ್ಷಿಕೆ ಹೆಬ್ಬೆರಳಿನ ಗಾತ್ರ, ಕಥೆ ಮುಂದುವರಿದಂತೆ ಅಕ್ಷರ ಕಿರಿದು, ಕಡೆಯ ಸಾಲಿನ ನೀತಿ ಸಾಸಿವೆ ಗಾತ್ರ. ಬೀದಿಯವರೆಲ್ಲ ಹೇಳುವಂತೆ ಕಥೆ ಹೀಗಿತ್ತು:

“ಒಂದಾನೊಂದು ಅರಣ್ಯದಲ್ಲಿ ವಯೋವೃದ್ಧವಾದ ಹದ್ದೊಂದು ವಾಸಮಾಡಿಕೊಂಡಿದ್ದಿತು. ಅದರ ದೃಷ್ಟಿಯು ಅತಿ ತೀಕ್ಷ್ಣವಾದುದೆಂದು ಸಕಲ ಪಕ್ಷಿಗಳೂ ಕೊಂಡಾಡುತ್ತಲಿದ್ದವು. ಹೀಗಿರಲಾಗಿ, ಕಾಲಕ್ರಮದಲ್ಲಿ ಅದರ ಕಣ್ಣುಗಳು ಮಸುಕಾದವು. ಆದರೂ ಆ ಹದ್ದು ಕಿಂಚಿತ್ತಾದರೂ ಸಂಕೋಚಪಡದೆ, ಎತ್ತರವಾದ ಕೊಂಬೆಯ ಮೇಲೆ ಕುಳಿತು, ‘ಎಲೈ ಅಲ್ಪಮತಿಗಳಿರಾ! ಅಗೋ, ಆ ದಿಕ್ಕಿನಲ್ಲಿ ಸರೋವರವು ಥಳಥಳಿಸುತ್ತಲಿದೆ’ ಎಂದು ತಾನು ಯೌವನದಲ್ಲಿ ಕಂಡಿದ್ದುದನ್ನೇ ಹೇಳುತ್ತಲಿದ್ದಿತು. ಓದುವಾತನೇ, ನಗಬೇಡ. ಆ ಸರೋವರವಾದರೋ ಬತ್ತಿ ಬಹುಕಾಲವಾಗಿದ್ದಿತು. ಬಾತುಗಳು ಹದ್ದಿನ ಮಾತನ್ನು ನಂಬಿ ಹಾರಿ, ನೀರೆಂದು ಧುಮುಕಿ, ಒಣನೆಲದ ಮೇಲೆ ಬಿದ್ದು ಮೂಳೆ ಮುರಿದುಕೊಂಡವು. ನೀತಿ: ಜ್ಞಾಪಕದಲ್ಲಿರುವುದನ್ನು ಕಣ್ಣೆದುರಿಗಿರುವುದೆಂದು ಹೇಳುವಾತನು ತನ್ನೊಡನೆ ತನ್ನನ್ನು ನಂಬಿದವರನ್ನೂ ಕೆಡಿಸುವನು.”

ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ, ಅದರೊಳಕ್ಕೆ ಒಂದೊಂದೇ ಗಾಜು ಇಳಿಸುತ್ತಾ ಅಪ್ಪ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ನೀತಿ ಕಾಣಿಸ್ತಾ?” ನೀತಿ ಕಂಡರೆ ಕನ್ನಡಕ ಸರಿಯಾಯಿತು ಎಂದರ್ಥ. ಚಾಳೀಸಿನ ಕನ್ನಡಕ ಬರುವ ತನಕ ನಮ್ಮ ಬೀದಿಯವರಿಗೆ ನೀತಿಯೇ ಇಲ್ಲ ಎಂಬ ನಗೆಮಾತು ಹುಟ್ಟಿದ್ದು ಆಗಲೇ. ಕನ್ನಡಕ ಬೇಡದವರೂ ಬಂದು ಬೆಂಚಿನ ಮೇಲೆ ಕೂತು ಕಾರ್ಡು ಇಸಿದುಕೊಂಡು ಓದಿ ಹೋಗುತ್ತಿದ್ದರು. ಆ ಹಳೆಯ ಮಾತಿನ ಠೀವಿಯೇ ಅಂಥದ್ದು. ಎದುರು ಸಾಲಿನ ಟೈಲರ್ ತನ್ನಲ್ಲಿ ಗುಂಡಿ ಹೊಲಿಯುವವನ ಮೇಲೆ ಸಿಟ್ಟು ಬಂದಾಗ “ಎಲೈ ಅಲ್ಪಮತಿ!” ಎನ್ನುತ್ತಿದ್ದ, ಬೈಸಿಕೊಂಡವನಿಗೆ ಬೇಜಾರಾಗುವ ಬದಲು ನಗು ಬರುತ್ತಿತ್ತು. ತರಕಾರಿಯವಳು ಗಂಡನ ಮೇಲೆ ದೂರು ಹೇಳುವಾಗ ನಡುನಡುವೆ “ಹೀಗಿರಲಾಗಿ” ಸೇರಿಸುತ್ತಿದ್ದಳು. ಯಾರಾದರೂ ಎಡವಿ ಬಿದ್ದರೆ ಎತ್ತುವ ಮೊದಲು ಇನ್ನೊಬ್ಬರು “ಓದುವಾತನೇ, ನಗಬೇಡ” ಎನ್ನುತ್ತಿದ್ದರು. ಆಗ ಬಿದ್ದವನೂ ನಗಲೇಬೇಕು. ಹೆಸರೇ ಗೊತ್ತಿಲ್ಲದ ಯಾವನೋ ಪುಣ್ಯಾತ್ಮ ಎಂದೋ ಅನುವಾದಿಸಿದ ಒಂದು ಪುಟ ಬೀದಿಯ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು.

ಅಪ್ಪ ಬಿಟ್ಟುಕೊಟ್ಟ ಮೇಲೆ ಕುರ್ಚಿ ದುರ್ಬೀನಿನದಾಯಿತು. ಕುರ್ಚಿ ಎಂದರೆ ಗಿರಾಕಿಯ ಎದುರು ಕೂತು ಗಾಜು ಇಳಿಸುವವನ ತಿರುಗುಕುರ್ಚಿ. ಅಂಗಡಿಯಲ್ಲಿ ಇನ್ನೊಂದು ಆಸನವೂ ಇತ್ತು, ಬಾಗಿಲ ಪಕ್ಕದ ಸ್ಟೂಲು. ಕಣ್ಣು ಮಂಜಾದ ಮೇಲೆ ಅಪ್ಪ ಕಡೆಗಾಲದಲ್ಲಿ ಅಲ್ಲಿ ಕೂರುತ್ತಿದ್ದ. ಬಂದವರ ಕೊಡೆ ನೋಡಿಕೊಳ್ಳುವುದು ಅವನ ಕೆಲಸ. ಗಿರಾಕಿಗಳು ಅವನಿಗೆ ನಮಸ್ಕಾರ ಹಾಕುತ್ತಲೇ ಅವನ ತಲೆಯ ಮೇಲಿಂದ ಮಗನ ಜತೆ ಮಾತಾಡುತ್ತಿದ್ದರು. ದುರ್ಬೀನು ಜಗತ್ತಿನಲ್ಲಿ ಹೆದರುತ್ತಿದ್ದುದು ಆ ಸ್ಟೂಲಿಗೆ ಮಾತ್ರ. ಅದಕ್ಕೇ ಅವನು ದಿನಾ ಬೆಳಿಗ್ಗೆ ಅಂಗಡಿ ತೆರೆದೊಡನೆ ಕಾರ್ಡು ಎತ್ತಿ ಹಿಡಿದು, ಎದೆ ಉಬ್ಬಿಸಿ, ಶೀರ್ಷಿಕೆಯಿಂದ ನೀತಿಯ ತನಕ ಬರಿಗಣ್ಣಲ್ಲಿ ಗಡಗಡ ಓದುತ್ತಿದ್ದ. ಎಲ್ಲೂ ತಡವರಿಸುತ್ತಿರಲಿಲ್ಲ. ಓದಿ ಮುಗಿಸಿ, “ನೋಡಿ, ಇನ್ನೂ ಗಟ್ಟಿಯಾಗಿದೆ” ಎಂದು ಕಣ್ಣಿನ ಬಗ್ಗೆ ಹೇಳುತ್ತಿದ್ದ.

ಉಳಿದ ವಿಷಯಗಳಲ್ಲಿ ಮಾತ್ರ ಲೋಕ ಕೆಟ್ಟುಹೋಗಿತ್ತು. ಪೇಪರಿನವರು ಶಾಯಿ ಉಳಿಸಲು ಹೋಗಿ ಅಕ್ಷರಗಳನ್ನು ಮಂಕು ಮಾಡಿದ್ದರು. ಫ್ರೇಮಿನ ಸ್ಕ್ರೂ ಮಾಡುವ ಕಾರ್ಖಾನೆಯವರಿಗೆ ಅದರ ತಲೆಯ ಮೇಲೆ ಗೀರು ಹಾಕುವುದು ಮರೆತುಹೋಗಿತ್ತು. ಬಲ್ಬುಗಳಲ್ಲಿ ಮೊದಲಿನ ಬೆಳಕಿರಲಿಲ್ಲ. ಹೆಂಡತಿ ಸೂಜಿ ದಾರ ಹಿಡಿದು ಹತ್ತಿರ ಬಂದರೆ ಸಾಕು, ಅವನಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

“ರೀ, ಆ ಗಾಜುಗಳಲ್ಲಿ ಒಂದನ್ನ ನೀವೂ ಹಾಕ್ಕೊಂಡು ನೋಡಬಾರದಾ?” ಎಂದು ಅವಳು ಒಮ್ಮೆ ಕೇಳಿದಳು.

“ನಿನಗೆ ತಮಾಷೆ. ಬೆಳಿಗ್ಗೆ ನೀತಿ ಓದಿ ಬಂದಿದ್ದೀನಿ.”

ಮುಂದಿನದು ಈಗಾಗಲೇ ಹೊಳೆದವರು ದಯವಿಟ್ಟು ಸುಮ್ಮನಿರಬೇಕು. ಹೊಳೆಯದೇ ಇದ್ದವನು ಅವನೊಬ್ಬನೇ.

ಮಗಳು ಕಣ್ಣು ಪರೀಕ್ಷೆಯ ಕೋರ್ಸು ಮುಗಿಸಿ ಅಂಗಡಿಗೆ ಬಂದಳು. ಒಳಗಿನ ಕೋಣೆಯಲ್ಲಿ ಯಂತ್ರ ಇಟ್ಟು ದೂರದ ದೃಷ್ಟಿ ನೋಡುವುದು ಅವಳ ಪಾಲು. ಹೊರಗೆ ಕುರ್ಚಿಯಲ್ಲಿ ಕೂತು ಕಾರ್ಡು ಓದಿಸಿ ಕಡೆಯ ಮಾತು ಹೇಳುವುದು ದುರ್ಬೀನಿನ ಪಾಲು. ಒಂದು ದಿನ ಅವನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಟೈಲರ್ ಬಂದ. ಇತ್ತೀಚೆಗೆ ಕಾಜಾ ಎಲ್ಲಿ, ಗುಂಡಿ ಎಲ್ಲಿ ಎಂದು ಗೊತ್ತಾಗುವುದಿಲ್ಲ ಎಂದ. ಮಗಳು ಅವನನ್ನು ಕೂರಿಸಿ, ಮೂಗಿನ ಮೇಲೆ ಫ್ರೇಮು ಇಟ್ಟು, ಕೈಗೆ ಕಾರ್ಡು ಕೊಟ್ಟು, ಗಾಜು ತೆಗೆದುಕೊಳ್ಳಲು ಪೆಟ್ಟಿಗೆಯ ಕಡೆ ತಿರುಗಿದಳು. ತಿರುಗಿ ನೋಡುವಷ್ಟರಲ್ಲಿ ಟೈಲರ್ ನೀತಿ ಮುಗಿಸಿ, ತಲೆದೂಗುತ್ತಿದ್ದ.

“ಆಹಾ! ಎಷ್ಟು ಸ್ಪಷ್ಟವಾಗಿದೆ ಮಗಳೇ! ಇದೇ ಗಾಜು ಹಾಕಿಬಿಡು.”

“ಟೈಲರ್ ಮಾಮ, ನಾನಿನ್ನೂ ಗಾಜೇ ಹಾಕಿಲ್ಲ.”

ಟೈಲರ್ ಫ್ರೇಮಿನೊಳಗೆ ಬೆರಳು ತೂರಿಸಿ ನೋಡಿದ. ಬೆರಳು ನೆಟ್ಟಗೆ ಹೋಗಿ ಕಣ್ಣಿಗೇ ತಾಗಿತು.

ದುರ್ಬೀನು ಬಂದ ಮೇಲೆ ಮಗಳು ನಗುತ್ತಲೇ ವಿಷಯ ಹೇಳಿದಳು. “ಅಪ್ಪಾ, ಈ ಕಾರ್ಡನ್ನ ಯಾರೂ ಓದ್ತಾ ಇಲ್ಲ. ಬಾಯಿಪಾಠ ಒಪ್ಪಿಸ್ತಾ ಇದ್ದಾರೆ. ಇಡೀ ಬೀದಿ ಯಾವ ನಂಬರಿನ ಕನ್ನಡಕ ಹಾಕ್ಕೊಂಡಿದೆಯೋ ದೇವರಿಗೇ ಗೊತ್ತು. ಬೇರೆ ಕಾರ್ಡು ಬೇಕು.” ಆಮೇಲೆ ದನಿ ತಗ್ಗಿಸಿ, “ನೀನೂ ಒಂದ್ಸಲ ಕೂತ್ಕೊ. ಹಂಗೇ ನೋಡಿಬಿಡೋಣ” ಎಂದಳು.

ಟೈಲರ್ ಇನ್ನೂ ಅಲ್ಲೇ ಇದ್ದ. ಅವನಿಲ್ಲದಿದ್ದರೆ ದುರ್ಬೀನು ಬಹುಶಃ ಕೂತೇ ಬಿಡುತ್ತಿದ್ದ. ಪರರ ಎದುರು ಮಗಳು ಕಣ್ಣಿನ ಮಾತೆತ್ತಿದ್ದು ಅವನಿಗೆ ಮೂಗಿನ ತುದಿಗೆ ಕೋಪ ತಂದಿತು.

“ನೋಡು ಮಗಳೇ, ಟೈಲರ್ ಸಾಕ್ಷಿ. ಯಾವತ್ತು ಕಾರ್ಡಿನ ನೀತಿ ನನ್ನ ಬರಿಗಣ್ಣಿಗೆ ಕಾಣಲ್ವೋ, ಅವತ್ತು ಈ ಕುರ್ಚಿ ನಿಂದು. ನಾನು ಹೋಗಿ ಸ್ಟೂಲ್ ಮೇಲೆ ಕೂತು ಕೊಡೆ ಕಾಯ್ತೀನಿ. ಆಯ್ತಾ?”

ಸ್ಟೂಲಿನ ಹೆಸರು ಬಾಯಿಂದ ಬಿದ್ದಾಗ ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆದರೆ ಮಾತು ಆಡಿಯಾಗಿತ್ತು.

ಹೊಸ ಕಾರ್ಡಿಗೆ ಅವನು ಅಡ್ಡಿ ಹೇಳಲಿಲ್ಲ. ಕಾರಣ, ಅವನೊಳಗೊಬ್ಬ ಸಾಹಿತಿ ಇದ್ದ. ಆ ಸಾಹಿತಿಯನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ. “ಕಾಲ ಬದಲಾಗಿದೆ. ‘ವಾಸಮಾಡಿಕೊಂಡಿದ್ದಿತು’ ಅಂತೆ! ಯಾರು ಹಾಗೆ ಮಾತಾಡ್ತಾರೆ? ನಾನೇ ಒಂದು ಬರೀತೀನಿ, ಸರಳವಾಗಿ, ಉಪಯೋಗಕ್ಕೆ ಬರೋ ಹಾಗೆ” ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ವಾರವೆಲ್ಲ ಬರೆದು, ಹೊಡೆದು, ಮತ್ತೆ ಬರೆದು, ಒಂದು ಮಧ್ಯಾಹ್ನ ಮಗಳ ಎದುರು ನಿಂತು ಓದಿದ. ಕಥೆಯ ಹೆಸರು “ಜಾಣ ಮೊಲ ಮತ್ತು ವೈದ್ಯರು.”

“ಒಂದು ಮೊಲ ಇತ್ತು. ಅದು ದಿನವೂ ಸೊಪ್ಪು, ಗಜ್ಜರಿ ತಿನ್ನುತ್ತಿತ್ತು. ಒಂದು ದಿನ ಅದು ವೈದ್ಯರ ಬಳಿ ಹೋಯಿತು. ವೈದ್ಯರು ಅದರ ಕಣ್ಣು ಪರೀಕ್ಷಿಸಿದರು. ‘ನಿನ್ನ ಕಣ್ಣು ಚೆನ್ನಾಗಿದೆ’ ಎಂದರು. ಮೊಲಕ್ಕೆ ಸಂತೋಷವಾಯಿತು. ಅದು ಮನೆಗೆ ಹೋಯಿತು.” ಹೀಗೇ ಇನ್ನೂ ಹಲವು ಸಾಲು ಆ ಮೊಲ ಅಲ್ಲಿಗೂ ಇಲ್ಲಿಗೂ ಹೋಗಿ ಬರುತ್ತಿತ್ತು. ಕೊನೆಗೆ, “ನೀತಿ: ಪ್ರತಿಯೊಬ್ಬರೂ ಕಾಲಕಾಲಕ್ಕೆ ತಮ್ಮ ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಬೇಕು.”

“ಹೇಗಿದೆ?”

ಮಗಳು ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿ, “ಅಕ್ಷರ ಸಣ್ಣದಾಗ್ತಾ ಹೋದ್ರೆ ಸಾಕಪ್ಪಾ” ಎಂದಳು. ಅವನು ಅದನ್ನು ಮೆಚ್ಚುಗೆಯ ಲೆಕ್ಕಕ್ಕೆ ಹಾಕಿಕೊಂಡ.

ಮುದ್ರಣದವನ ಅಂಗಡಿ ಗಲ್ಲಿಯೊಳಗಿತ್ತು. ಹಗಲಲ್ಲೂ ಮಬ್ಬು. ಮೇಜಿನ ಮೇಲೆ ಚೀಲದ ಅಂಗಡಿಯ ಕರಪತ್ರಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಅವನ್ನು ಆಚೆ ತಳ್ಳಿ ಅವನು ಕಾರ್ಡಿನ ಕರಡು ಮುದ್ರಣವನ್ನು ದುರ್ಬೀನಿನ ಕೈಗಿತ್ತ.

“ಸರಿಯಾಗಿ ನೋಡಿಬಿಡಿ ಅಣ್ಣಾ. ಒಂದು ಕೆಲಸದ ಮೇಲೆ ಇನ್ನೊಂದು ಕೂರಿಸಿರ್ತೀವಿ, ಹಿಂದಿಂದು ಎಲ್ಲಾದ್ರೂ ಉಳಕೊಂಡಿರುತ್ತೆ. ಅದರಲ್ಲೂ ಆ ಕೊನೇ ಸಾಲು, ನನ್ನ ಕಣ್ಣಿಗಂತೂ ಕಾಣಲ್ಲ.”

“ನಿನ್ನ ಕಣ್ಣಿಗೆ ಕಾಣಲ್ಲ ಅಂತ ನಂಗೂ ಕಾಣಲ್ವಾ?” ಎಂದು ದುರ್ಬೀನು ಕಾಗದವನ್ನು ತೋಳು ಚಾಚಿ ಹಿಡಿದ. ಮೊಲ ಸೊಪ್ಪು ತಿಂದಿತು, ವೈದ್ಯರ ಬಳಿ ಹೋಯಿತು, ಮನೆಗೆ ಬಂತು, ನೀತಿಯೂ ಬಂತು. ತನ್ನ ವಾಕ್ಯಗಳ ಓಟಕ್ಕೆ ತಾನೇ ಮನಸೋತು ಅವನು ಓದಿದ. “ಒಂದಕ್ಷರ ತಪ್ಪಿಲ್ಲ. ಹೊಡಿ.”

ಹೊಸ ಕಾರ್ಡು ಬಂತು. ಹಳೆಯದನ್ನು ಕಸಕ್ಕೆ ಹಾಕುತ್ತಾರೆಂದು ತಿಳಿದು ಟೈಲರ್ ಓಡಿ ಬಂದು ಎದೆಗವಚಿಕೊಂಡು ಹೋಗಿ, ತನ್ನ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಸುಮ್ಮನೆ ಕೂರಲು ಬರುತ್ತಿದ್ದವರೆಲ್ಲ ಕನ್ನಡಕದ ಅಂಗಡಿಯ ಬೆಂಚು ಬಿಟ್ಟು ಅವನಲ್ಲಿಗೆ ಹೋದರು. ಅಳತೆ ಕೊಡುವವರು ಕೈ ಅಗಲಿಸಿ ನಿಂತೇ “ಹೀಗಿರಲಾಗಿ” ಎಂದು ಒಟ್ಟಾಗಿ ಹೇಳುವುದು ರಸ್ತೆ ದಾಟಿ ದುರ್ಬೀನಿನ ಕಿವಿಗೆ ಬೀಳುತ್ತಿತ್ತು. ಅವನು ಕೇಳಿಯೂ ಕೇಳದಂತೆ ಗಾಜು ಒರೆಸುತ್ತಿದ್ದ.

ಅಂಗಡಿಯಲ್ಲಿ ಹೊಸ ತೊಂದರೆ ಶುರುವಾಯಿತು. ಗಿರಾಕಿಗಳಿಗೆ ಓದಲು ಮನಸ್ಸೇ ಬರಲಿಲ್ಲ. ಮೊಲ ವೈದ್ಯರ ಬಳಿ ಹೋಗುವಷ್ಟರಲ್ಲಿ ಕಾರ್ಡು ಮಡಿಲಿಗೆ ಇಳಿಯುತ್ತಿತ್ತು. “ಮುಂದೆ?” ಎಂದು ದುರ್ಬೀನು ತಿವಿದರೆ, “ಮುಂದೆ ಏನಾಗುತ್ತೆ, ಕಣ್ಣು ಚೆನ್ನಾಗಿರುತ್ತೆ ತಾನೆ?” ಎನ್ನುತ್ತಿದ್ದರು. ಹೇಗೋ ಕಷ್ಟಪಟ್ಟು ಕಡೆಯ ಸಾಲಿಗೆ ಬಂದವರಂತೂ ವಿಚಿತ್ರವಾಗಿ ಓದಲಾರಂಭಿಸಿದರು. ಮೊದಲು ಬಂದವನು ಟೈಲರ್.

“ನೀತಿ ಕಾಣಿಸ್ತಾ?”

“ಕಾಣಿಸ್ತು ಅಣ್ಣಾ. ಹರಿದ ಚೀಲ, ಕೆಟ್ಟ ಜಿಪ್ಪು ರಿಪೇರಿ ಮಾಡಿಕೊಡಲಾಗುವುದು.”

ದುರ್ಬೀನು ಅವನನ್ನೇ ಮಿಕಿಮಿಕಿ ನೋಡಿದ. “ಏನು?”

ಟೈಲರ್ ಮತ್ತೊಮ್ಮೆ ಓದಿದ. ಮತ್ತೆ ಚೀಲ, ಮತ್ತೆ ಜಿಪ್ಪು. ಇವನಿಗೆ ದಿನವಿಡೀ ಜಿಪ್ಪು ಹೊಲಿದೂ ಹೊಲಿದೂ ಕಣ್ಣ ಮುಂದೆ ಅದೇ ಬರುತ್ತಿದೆ, ಪಾಪ, ಎಂದು ದುರ್ಬೀನಿಗೆ ಮರುಕ ಹುಟ್ಟಿತು. ಇನ್ನೂ ಜೋರಿನ ಗಾಜು ಇಳಿಸಿದ. ಚೀಲ ದೊಡ್ಡದಾಯಿತು. ಅದಕ್ಕೂ ಮೇಲಿನದನ್ನು ಹಾಕಿದ. ಟೈಲರ್ ಕಾರ್ಡನ್ನು ಮೂಗಿಗೆ ತಾಗಿಸಿ ಹಿಡಿದು, ಬೆವರು ಒರೆಸಿಕೊಂಡು, ಅದನ್ನೇ ಹೇಳಿದ.

“ಅಲ್ಲಪ್ಪಾ, ಸರಿಯಾಗಿ ನೋಡು. ‘ಪ್ರತಿಯೊಬ್ಬರೂ ಕಾಲಕಾಲಕ್ಕೆ’ ಅಂತಿದೆ. ನಾನು ಇಲ್ಲಿಂದಲೇ ಬರಿಗಣ್ಣಲ್ಲಿ ಓದ್ತಿಲ್ವಾ?”

ಟೈಲರ್ ಒಮ್ಮೆ ಕಾರ್ಡು ನೋಡಿದ, ಒಮ್ಮೆ ದುರ್ಬೀನಿನ ಮುಖ ನೋಡಿದ. ಆ ಮುಖದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ತನ್ನ ಕಣ್ಣಿಗಿಂತ ಆ ಮುಖವೇ ಅವನಿಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿತು. “ಹೌದು ಹೌದು, ಈಗ ಹಂಗೇ ಕಾಣ್ತಿದೆ” ಎಂದು ಹೇಳಿ ತಪ್ಪಿಸಿಕೊಂಡ. ಆ ಜೋರಿನ ಗಾಜಿನ ಕನ್ನಡಕ ಧರಿಸಿದ ಮೇಲೆ ಅವನು ಬಟ್ಟೆಯನ್ನು ಮೂಸಿ ನೋಡುವವನಂತೆ ಹೊಲಿಯಬೇಕಾಯಿತು.

ಆಮೇಲೆ ಔಷಧಿ ಅಂಗಡಿಯವನು ಚೀಲ ಎಂದ. ತರಕಾರಿಯವಳು ಜಿಪ್ಪು ಎಂದಳು. ದುರ್ಬೀನು ಎಲ್ಲರಿಗೂ ತಾಳ್ಮೆಯಿಂದ ಗಾಜು ಏರಿಸಿದ, ಎಲ್ಲರಿಗೂ ಸರಿಯಾದ ನೀತಿ ಹೇಳಿಕೊಟ್ಟ, ಎಲ್ಲರೂ ಒಪ್ಪಿಕೊಂಡು ಹೋದರು. ಬೀದಿಯ ಕಣ್ಣುಗಳೆಲ್ಲ ಒಟ್ಟಿಗೇ ಹಾಳಾಗುತ್ತಿರುವುದು ಅವನ ಚಿಂತೆಗೆ ಕಾರಣವಾಯಿತು. ಊಟಕ್ಕೆ ಕೂತಾಗ ಹೆಂಡತಿಗೆ, “ಜನರ ದೃಷ್ಟಿ ಎಷ್ಟು ಕೆಟ್ಟಿದೆ ಗೊತ್ತಾ? ಇರೋದನ್ನ ಬಿಟ್ಟು ಇಲ್ಲದ್ದನ್ನ ಓದ್ತಾರೆ” ಎಂದು ಹೇಳಿ ನಿಟ್ಟುಸಿರು ಬಿಟ್ಟ. ಅವಳು ಅವನ ಅಂಗಿಯ ಕಡೆ ನೋಡಿದಳು. ಒಂದು ಗುಂಡಿ ಪಕ್ಕದ ಕಾಜಾಕ್ಕೆ ಸೇರಿತ್ತು.

ಮಗಳಿಗೆ ಇದೊಂದೂ ತಿಳಿಯಲಿಲ್ಲ. ಅವಳು ಒಳಕೋಣೆಯಲ್ಲಿ ಯಂತ್ರದ ಮುಂದೆ ಇರುತ್ತಿದ್ದಳು. ಹೊಸ ಕಾರ್ಡನ್ನು ಅವಳು ಎತ್ತಿ ನೋಡಿರಲಿಲ್ಲ; ಆ ಮೊಲವನ್ನು ಒಮ್ಮೆ ಭೇಟಿಯಾದದ್ದೇ ಅವಳಿಗೆ ಸಾಕಾಗಿತ್ತು.

ಹೀಗಿರಲಾಗಿ, ಒಂದು ಬೆಳಿಗ್ಗೆ ಟೀಚರಮ್ಮ ಬಂದರು. ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯವರು. ಹಿಂದಿನ ವಾರ ಅವರ ಪರೀಕ್ಷೆ ಮಾಡುವಾಗ ಮನಸ್ಸಿನಲ್ಲೇ ಓದಿಕೊಂಡು, “ಕಾಣಿಸ್ತು” ಎಂದಷ್ಟೇ ಹೇಳಿ ಎದ್ದಿದ್ದರು. ಈಗ ಹೊಸ ಕನ್ನಡಕ ಹಾಕಿಕೊಂಡೇ ಬಂದು ಕೌಂಟರಿನ ಮೇಲೆ ಒಂದು ದೊಡ್ಡ ಚೀಲ ಇಟ್ಟರು. ಅದರ ಬಾಯಿ ಆಕಳಿಸುತ್ತಿತ್ತು.

“ಜಿಪ್ಪು ಕಿತ್ತುಬಂದಿದೆ ಸಾರ್. ಸಂಜೆಗೆ ಆಗುತ್ತಾ?”

“ಟೀಚರಮ್ಮ, ಇದು ಕನ್ನಡಕದ ಅಂಗಡಿ.”

“ಅದು ಗೊತ್ತು. ಚೀಲಾನೂ ಮಾಡ್ತೀರಲ್ಲ?”

“ಯಾರು ಹೇಳಿದ್ದು?”

“ಯಾರು ಹೇಳೋದು ಏನು ಬಂತು? ನಿಮ್ಮ ಕಾರ್ಡಿನಲ್ಲೇ ಹಾಕಿಸಿದ್ದೀರಿ. ಅಷ್ಟು ಸಣ್ಣಕ್ಕೆ ಯಾಕೆ ಹಾಕಿಸಿದ್ರಿ ಅಂತ ಯೋಚಿಸ್ತಿದ್ದೆ. ನಾಚಿಕೆ ಇರಬೇಕು ಅಂದ್ಕೊಂಡೆ.”

ಟೈಲರ್ ತನ್ನ ಕನ್ನಡಕದ ದೂರು ಹೇಳಲು ಬಂದು ಬೆಂಚಿನ ಮೇಲೆ ಕೂತಿದ್ದ. ಅವನು ಎದ್ದು ನಿಂತ. ಮಾತು ಕೇಳಿ ಮಗಳು ಒಳಕೋಣೆಯಿಂದ ಹೊರಗೆ ಬಂದಳು, ಕಾರ್ಡು ಎತ್ತಿಕೊಂಡಳು, ಮೊಲವನ್ನು ಹಾರಿಸಿ ನೇರವಾಗಿ ತಳಕ್ಕೆ ಕಣ್ಣಿಳಿಸಿದಳು. ಓದಿದಳು. ಕಾರ್ಡನ್ನು ಅಪ್ಪನ ಕಡೆ ಚಾಚಿದಳು. ಅವಳ ಕಣ್ಣಲ್ಲಿ ನಗು ಇರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ದುರ್ಬೀನು ಕಾರ್ಡು ತೆಗೆದುಕೊಂಡು ಬಾಗಿಲ ಬಳಿಗೆ, ಬೆಳಕಿಗೆ ಹೋದ. ತೋಳು ಚಾಚಿ ಹಿಡಿದ. “ಪ್ರತಿಯೊಬ್ಬರೂ ಕಾಲಕಾಲಕ್ಕೆ” ಎಂದು ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಟಿತು. ಅವನು ಹಲ್ಲು ಕಚ್ಚಿ ಅದನ್ನು ತಡೆದ. ಬಾಯಿ ಮುಚ್ಚಿಕೊಂಡು, ಬರೀ ಕಣ್ಣಿನಿಂದ ನೋಡಿದ. ಅಲ್ಲಿ ಕಪ್ಪು ಇರುವೆಗಳ ಸಾಲೊಂದಿತ್ತು. ಮೇಲಿನ ಸಾಲು ನೋಡಿದ, ಅದೂ ಇರುವೆ. ಅದರ ಮೇಲಿನದೂ ಇರುವೆಯೇ, ಸ್ವಲ್ಪ ದೊಡ್ಡ ಜಾತಿಯದು. ಮೊಲ ಎಲ್ಲೂ ಇರಲಿಲ್ಲ. ಪಕ್ಕದಲ್ಲೇ ಇದ್ದ ಸ್ಟೂಲಿನ ತಲೆಯ ಮೇಲೆ ಕೈ ಊರಿ ನಿಂತ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಷ್ಟು ವರ್ಷದಿಂದ ಹೀಗೆ? ಅಪ್ಪನ ಕಾರ್ಡನ್ನು ಕಡೆಯ ಸಲ ನಿಜವಾಗಿ ಓದಿದ್ದು ಯಾವಾಗ? ತಾನು ಗಾಜು ಏರಿಸಿ ಕಳಿಸಿದ ಜನ, ಬಟ್ಟೆ ಮೂಸುವ ಟೈಲರ್, ಸೊಪ್ಪನ್ನು ಮುಖಕ್ಕೆ ಹಿಡಿದು ನೋಡುವ ತರಕಾರಿಯವಳು, ಎಲ್ಲರೂ ಕಣ್ಣೆದುರು ಬಂದರು. ಎಲ್ಲ ಬಾತುಗಳೂ ಮೂಳೆ ಮುರಿದುಕೊಂಡಿದ್ದವು.

ಟೀಚರಮ್ಮ ಸಂಕೋಚದಿಂದ ಚೀಲವನ್ನು ಕೌಂಟರಿನಿಂದ ಕೆಳಗಿಳಿಸಿದರು. ಟೈಲರ್ ತುಟಿ ಬಿಗಿಹಿಡಿದು ಛಾವಣಿ ನೋಡುತ್ತಿದ್ದ. ಅವನ ಹೊಟ್ಟೆ ಮಾತ್ರ ಕುಲುಕುತ್ತಿತ್ತು. ದುರ್ಬೀನು ತಿರುಗಿದ. ಮುಖ ಹುಳ್ಳಗಾಗಿತ್ತು. ಗಂಟಲು ಸರಿಮಾಡಿಕೊಂಡು, ಬೆಳಗಿನ ಓದಿನ ಅದೇ ಠೀವಿಯಲ್ಲಿ ಹೇಳಿದ:

“ಓದುವಾತನೇ, ನಗಬೇಡ.”

ಟೈಲರ್ ಬೆಂಚಿನ ಮೇಲೆ ಕುಸಿದು ನಕ್ಕ. ಟೀಚರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಗಳು ನಕ್ಕಳು. ಕೊನೆಗೆ ದುರ್ಬೀನೂ ನಕ್ಕ. ನಗುವಾಗ ಅವನಿಗೆ ಒಂದು ಕ್ಷಣ ಅಳುವೂ ಬಂತು, ಅದನ್ನೂ ನಗುವಿನ ಜತೆಗೇ ಒರೆಸಿಕೊಂಡ.

“ಟೈಲರ್ ಮಾಮ, ನಿಮ್ಮ ಗೋಡೆ ಮೇಲಿರೋ ಕಾರ್ಡು ತರ್ತೀರಾ?” ಎಂದಳು ಮಗಳು. “ಅಪ್ಪಾ, ನೀನು ಬಾ, ಕೂತ್ಕೊ. ಆ ಕಡೆ ಅಲ್ಲ, ಈ ಕಡೆ.”

ಈ ಕಡೆ ಎಂದರೆ ಗಿರಾಕಿಯ ಆಸನ. ಆ ಜಾಗದಿಂದ ಅಂಗಡಿ ಹೇಗೆ ಕಾಣುತ್ತದೆಂದು ಅವನು ಎಂದೂ ನೋಡಿರಲಿಲ್ಲ. ಮಗಳು ಅವನ ಮೂಗಿನ ಮೇಲೆ ಫ್ರೇಮು ಕೂರಿಸಿದಳು. ಪೆಟ್ಟಿಗೆಯಿಂದ ಗಾಜು ತೆಗೆದು, ಅಂಚು ಹಿಡಿದು, ಮೆತ್ತಗೆ ಇಳಿಸಿದಳು. ಟೈಲರ್ ಕಾರ್ಡು ತಂದು ಕೈಗಿತ್ತ. ಮೊಳೆಯ ತೂತು ಹದ್ದಿನ ಶೀರ್ಷಿಕೆಯ ಮೇಲೇ ಬಿದ್ದಿತ್ತು.

“ಓದು. ಒಪ್ಪಿಸಬೇಡ” ಎಂದಳು ಮಗಳು.

ಅವನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಕಾಗುಣಿತ ಕಲಿಯುವ ಮಗುವಿನಂತೆ ತಡವರಿಸಿದ. ಕೊಂಬೆಯ ಹತ್ತಿರ ಬಂದಾಗ ನಿಂತುಬಿಟ್ಟ. ಅವನೂ, ಬೀದಿಯವರೂ, ಬಹುಶಃ ಕಡೆಕಡೆಗೆ ಅವನ ಅಪ್ಪನೂ, “ಎತ್ತರವಾದ ಕೊಂಬೆ” ಎಂದೇ ಹೇಳುತ್ತಾ ಬಂದಿದ್ದರು. ಕಾರ್ಡಿನಲ್ಲಿ ಇದ್ದದ್ದು “ಬೋಳಾದ ಕೊಂಬೆ.” ಒಂದೆಲೆಯೂ ಇಲ್ಲದ ಕೊಂಬೆಯ ಮೇಲೆ ಕೂತು ಜಂಬ ಕೊಚ್ಚುತ್ತಿದ್ದ ಹದ್ದು! ಆ ಹೆಸರಿಲ್ಲದ ಅನುವಾದಕ ಎಲ್ಲವನ್ನೂ ಯೋಚಿಸಿಯೇ ಬರೆದಿದ್ದ. ಅವನ ಮಾತನ್ನು ಸರಳ ಮಾಡಲು ಹೊರಟ ತನ್ನ ಮೊಲ ನೆನಪಾಗಿ ದುರ್ಬೀನಿನ ಕಿವಿ ಕೆಂಪಾಯಿತು. ಅವನು ಮುಂದೆ ಓದಿದ. ಸರೋವರ ಬತ್ತಿತು, ಬಾತುಗಳು ಬಿದ್ದವು. ಕಡೆಯ ಸಾಲಿನ ಮೇಲೆ ಅವನ ಬೆರಳು ಬಹಳ ಹೊತ್ತು ನಿಂತಿತು.

“ನೀತಿ ಕಾಣಿಸ್ತಾ ಅಪ್ಪಾ?”

“ಕಾಣಿಸ್ತು ಮಗಳೇ” ಎಂದ ದುರ್ಬೀನು. “ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರಲ್ಲೇ!”

ಅವನು ಎದ್ದ. ಎದುರಿನ ತಿರುಗುಕುರ್ಚಿಯ ಕೂರುವ ಜಾಗವನ್ನು ಅಂಗಿಯ ತೋಳಿನಿಂದ ಒರೆಸಿ ಮಗಳಿಗೆ ಕೈ ತೋರಿದ. “ಕೂತ್ಕೊ. ಟೈಲರ್ ಸಾಕ್ಷಿ ಇದ್ದಾನೆ.” ಮಗಳು ಬೇಡ ಎನ್ನಲಿಲ್ಲ. ಬೇಡ ಅಂದಿದ್ದರೆ ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು. ಅವನು ಹೋಗಿ ಸ್ಟೂಲಿನ ಮೇಲೆ ಕೂತ, ಫ್ರೇಮು ಮೂಗಿನ ಮೇಲೆ ಇದ್ದಂತೆಯೇ. ಕಾಯಲು ಒಂದು ಕೊಡೆಯೂ ಇರಲಿಲ್ಲ, ಹೊರಗೆ ಬಿಸಿಲು.

“ಮೊದಲು ಟೈಲರ್ ಮಾಮನ ಕನ್ನಡಕ ಸರಿಮಾಡೋಣ” ಎಂದಳು ಮಗಳು. “ಆಮೇಲೆ ಔಷಧಿ ಅಂಗಡಿಯವರು, ತರಕಾರಿಯಮ್ಮ, ಒಬ್ಬೊಬ್ಬರನ್ನೇ ಕರೆಸೋಣ. ಹದ್ದಿನ ಕಾರ್ಡು ಕೊಟ್ಟರೆ ಬಾಯಿಪಾಠ. ಮೊಲದ್ದು ಕೊಟ್ಟರೆ ನಿದ್ದೆ.” ಅಪ್ಪನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. “ಅಪ್ಪಾ, ಆ ಹಳೇ ಪುಸ್ತಕ ಡ್ರಾಯರಿನಲ್ಲಿದೆಯಲ್ಲ, ಅದರಲ್ಲಿ ಇವರು ಯಾರೂ ಕೇಳದೇ ಇರೋ ಕಥೆ ಒಂದು ಹುಡುಕಿ ಕೊಡು.”

ದುರ್ಬೀನು ಪುಸ್ತಕ ತಂದು ಮಡಿಲಲ್ಲಿಟ್ಟುಕೊಂಡು ತೆರೆದ. ಹಾಳೆಗಳು ಹಳದಿಯಾಗಿದ್ದವು, ಅಕ್ಷರಗಳು ಕಪ್ಪಗೆ, ಚೂಪಾಗಿ, ಒಂದೊಂದೂ ಬಿಡಿಬಿಡಿಯಾಗಿ ನಿಂತಿದ್ದವು. ಶಾಯಿ ಉಳಿಸಿದವರು ಯಾರೂ ಇರಲಿಲ್ಲ. ಅದೊಂದು ಕತ್ತೆಯ ಕಥೆ. ಕತ್ತೆಯು ಅರಸನ ಸಭೆಗೆ ಹೋಗಿ, ಕಿಂಚಿತ್ತಾದರೂ ಸಂಕೋಚಪಡದೆ, ಒಂದು ಕವಿತೆಯನ್ನು ಹಾಡಲಾರಂಭಿಸಿದ್ದಿತು.

“ಅಣ್ಣಾ” ಎಂದ ಟೈಲರ್, ಗಿರಾಕಿಯ ಆಸನದಲ್ಲಿ ಕೂತು ಕೈ ಚಾಚಿ. “ಪುಸ್ತಕ ಈ ಕಡೆ ಕೊಡು. ನನ್ನ ಕಣ್ಣು ತಾನೆ ನೋಡಬೇಕಿರೋದು?”

ದುರ್ಬೀನು ತಲೆ ಎತ್ತಲಿಲ್ಲ. ಪುಟ ತಿರುವುತ್ತಾ, ಇನ್ನೊಂದು ಕೈಯಿಂದ ಅವನನ್ನು ತಡೆದ.

“ತಡಿಯಪ್ಪಾ, ನಾನಿನ್ನೂ ನೀತಿಗೆ ಬಂದಿಲ್ಲ.”